ವಿದ್ಯಾರ್ಥಿಯೊಬ್ಬರು ಆತ್ಮಹತ್ಯೆ ಮಾಡಿಕೊಂಡಾಗ ಶಾಲೆಯು ಉಳಿದ ಮಕ್ಕಳೊಡನೆ ಆ ಬಗ್ಗೆ ಮಾತನಾಡಬೇಕೇ?

ಖಂಡಿತವಾಗಿ ಮಾತನಾಡಬೇಕು. ಒಂದು ದಿನ ರಜೆ ಕೊಟ್ಟು, ವಿಷಯ ಎತ್ತಬಾರದೆಂದು ಶಿಕ್ಷಕರಿಗೆ ಸೂಚಿಸುವಷ್ಟರಲ್ಲಿ ಮಕ್ಕಳು ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನೆಲ್ಲ ಓದಿರುತ್ತಾರೆ. ಆತ್ಮಹತ್ಯೆಯ ಬಗ್ಗೆ ನೇರವಾಗಿ ಕೇಳಿದರೆ ಆ ಯೋಚನೆಯನ್ನೇ ಬಿತ್ತಿದಂತಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಅಪಾಯವಿರುವುದು ವಿಧಾನವನ್ನು ವಿವರಿಸುವುದರಲ್ಲಿ, ‘ಅಂಕ ಕಡಿಮೆ ಬಂತು, ಅದಕ್ಕೇ’ ಎಂದು ಒಂದೇ ಕಾರಣ ಹೇಳಿ ಮುಗಿಸುವುದರಲ್ಲಿ, ಸಾವನ್ನು ವೈಭವೀಕರಿಸುವುದರಲ್ಲಿ. ಆದ್ದರಿಂದ ಬೆಳಗಿನ ಪ್ರಾರ್ಥನೆಯ ವೇಳೆ ಮೈಕಿನಲ್ಲಿ ಪ್ರಕಟಿಸುವ ಬದಲು, ಏನು ಹೇಳಬಹುದೆಂದು ಕುಟುಂಬದವರನ್ನು ಕೇಳಿಕೊಂಡು, ಮಕ್ಕಳಿಗೆ ಪರಿಚಿತರಾದ ತರಗತಿ ಶಿಕ್ಷಕರೇ ಆಯಾ ತರಗತಿಯಲ್ಲಿ ಸರಳ ಮಾತಿನಲ್ಲಿ ತಿಳಿಸುವುದು ಮೇಲು.

ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ, ಹಿಂದಿನ ದಿನ ಜಗಳವಾಡಿದ್ದ ಹುಡುಗ, ಹೋಮ್‌ವರ್ಕ್ ತಾರದ್ದಕ್ಕೆ ಗದರಿದ್ದ ಶಿಕ್ಷಕಿ, ಇವರೊಡನೆ ಪ್ರತ್ಯೇಕವಾಗಿ ಕುಳಿತು ಮಾತನಾಡಲೇಬೇಕು, ಏಕೆಂದರೆ ‘ನನ್ನಿಂದಲೇ ಆಯಿತೇ’ ಎಂಬ ಪ್ರಶ್ನೆ ಇವರನ್ನು ತಿಂಗಳುಗಟ್ಟಲೆ ಕಾಡಬಹುದು. (ಶಿಕ್ಷಕರ ದುಃಖವನ್ನು ಯಾರೂ ವಿಚಾರಿಸದಿರುವುದು ನನಗೆ ಅತ್ಯಂತ ನೋವಿನ ಸಂಗತಿ.) ಖಾಲಿಯಾದ ಜಾಗದಲ್ಲಿ ಮರುದಿನವೇ ಬೇರೊಬ್ಬರನ್ನು ಕೂರಿಸದೆ, ಏನು ಮಾಡೋಣವೆಂದು ಆ ತರಗತಿಯ ಮಕ್ಕಳನ್ನೇ ಕೇಳಬಹುದು.

2022ರಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಆ ಸಂಖ್ಯೆಯನ್ನು ಪ್ರತಿ ಮಗುವಿನ ಡೈರಿಯಲ್ಲಿ ಬರೆಸಿ, ಪರೀಕ್ಷೆಯ ವಾರಗಳಲ್ಲಿ ಮತ್ತೆ ನೆನಪಿಸಿ.