ಒಂದೇ ರೆಸೊನೇಟರ್ ಗಿಟಾರ್, ವೇದಿಕೆ ಮೇಲೆ ಎರಡು ಟ್ಯೂನಿಂಗ್

ಅರ್ಧ ಹಾಡುಗಳು ಓಪನ್ ಡಿಯಲ್ಲಿ, ಅರ್ಧ ಓಪನ್ ಜಿಯಲ್ಲಿ ಇವೆ, ಇರುವುದು ಒಂದೇ ರೆಸೊನೇಟರ್ (ಒಳಗಿನ ಲೋಹದ ಕೋನ್‌ನಿಂದ ಸದ್ದು ಹೆಚ್ಚಿಸುವ ಗಿಟಾರ್), ಟ್ಯೂನಿಂಗ್ ಬದಲಿಸಿದ ಮೇಲೆ ಹಾಡಿನ ನಡುವೆ ಶ್ರುತಿ ತಪ್ಪುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಓಪನ್ ಡಿ, ಓಪನ್ ಜಿ ಅಂದರೆ ಎಲ್ಲೂ ಒತ್ತದೆ ಬಿಟ್ಟ ತಂತಿಗಳನ್ನು ಮೀಟಿದರೆ ಆಯಾ ಮೇಜರ್ ಕಾರ್ಡ್ ನುಡಿಯುವ ಟ್ಯೂನಿಂಗ್.

ಮೊದಲು ಹಾಡುಗಳನ್ನು ಎರಡು ಗುಂಪು ಮಾಡಿಕೊಳ್ಳಿ. ಹಾಡಿಗೊಮ್ಮೆ ಬದಲಿಸಲೇಬೇಡಿ, ಇಡೀ ಕಾರ್ಯಕ್ರಮಕ್ಕೆ ಒಂದೇ ಸಲ ಸಾಕು. ನಾನು ಡಿಯಲ್ಲಿ ಶುರು ಮಾಡಿ ಜಿಗೆ ಹೋಗುತ್ತೇನೆ. ದಪ್ಪ ತಂತಿಯಿಂದ ಹಿಡಿದರೆ ಓಪನ್ ಡಿ ನಮ್ಮ ಲೆಕ್ಕದಲ್ಲಿ ಸ ಪ ಸ ಗ ಪ ಸ. ಓಪನ್ ಜಿ ಅಂದರೆ ಪ ಸ ಪ ಸ ಗ ಪ. ಆರು, ನಾಲ್ಕು, ಒಂದನೇ ತಂತಿಗಳು ಎರಡರಲ್ಲೂ ಡಿ ಸ್ವರವೇ, ಅವನ್ನು ಮುಟ್ಟುವುದು ಬೇಡ. ಎರಡನೆಯದನ್ನು ಎ ಇಂದ ಬಿಗೆ, ಮೂರನೆಯದನ್ನು ಎಫ್ ಶಾರ್ಪ್‌ನಿಂದ ಜಿಗೆ ಏರಿಸಬೇಕು. ಐದನೆಯದೊಂದನ್ನೇ ಎ ಇಂದ ಜಿಗೆ ಇಳಿಸಬೇಕು.

ತೊಂದರೆ ಕೊಡುವುದು ಆ ಐದನೇ ತಂತಿ. ಶುರುವಿನ ದಿನಗಳಲ್ಲಿ ಒಂದು ಸಂಜೆ ನಾನು ಅದನ್ನು ಇಳಿಸಿ, ಟ್ಯೂನರ್‌ನಲ್ಲಿ ಜಿ ಕಂಡ ತಕ್ಷಣ ಹಾಡು ಎತ್ತಿಕೊಂಡೆ. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಷಡ್ಜವೇ ಇಳಿದಿತ್ತು. ಗಾಯಕಿ ನನ್ನ ಕಡೆ ತಿರುಗಿ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಗಿದ್ದಿಷ್ಟೇ: ಕೀ ಸಡಿಲಿಸಿದರೂ ತಂತಿ ನಟ್‌ನ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯ) ತೋಡಿನಲ್ಲಿ ಸಿಕ್ಕಿಕೊಂಡಿತ್ತು, ಬಾರಿಸುತ್ತಾ ಹೋದಂತೆ ಜಾರಿತು. ಈಗ ಜಿಗಿಂತ ಕೆಳಗೆ ಇಳಿಸಿ, ತಂತಿಯನ್ನು ಬೆರಳಿನಿಂದ ಒಮ್ಮೆ ಮೆಲ್ಲಗೆ ಎಳೆದು, ಕೆಳಗಿನಿಂದ ಮೇಲಕ್ಕೆ ಬಂದು ನಿಲ್ಲಿಸುತ್ತೇನೆ. ಹೊಸ ತಂತಿ ಹಾಕುವಾಗ ಆ ತೋಡಿಗೆ ಪೆನ್ಸಿಲ್ ಸೀಸ ಉಜ್ಜುತ್ತೇನೆ.

ಮೂರು ತಂತಿಗಳ ಎಳೆತ ಬದಲಾದರೆ ಕುದುರೆಯ ಮೂಲಕ ಕೋನ್ ಮೇಲೆ ಬೀಳುವ ಭಾರವೂ ಕತ್ತಿನ ಬಾಗೂ ಬದಲಾಗುತ್ತವೆ. ಹಾಗಾಗಿ ಮುಟ್ಟದ ತಂತಿಗಳೂ ಕೂದಲೆಳೆಯಷ್ಟು ಸರಿಯುತ್ತವೆ. ಕೊನೆಯಲ್ಲಿ ಆರನ್ನೂ ಇನ್ನೊಮ್ಮೆ ನೋಡಿ. ಐದನೇ ತಂತಿಯ ಏಳನೇ ಫ್ರೆಟ್‌ನ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಹಗುರವಾಗಿ ಮುಟ್ಟಿ ಮೀಟಿದಾಗ ಬರುವ ಸ್ವರ), ಬಿಟ್ಟ ಮೊದಲ ತಂತಿಯೊಂದಿಗೆ ಅಲೆಯಿಲ್ಲದೆ ಕೂಡಿದರೆ ಷಡ್ಜ ಪಂಚಮ ಸೇರಿದವು ಎಂದರ್ಥ. ಗದ್ದಲವಿದ್ದರೆ ಕ್ಲಿಪ್ ಟ್ಯೂನರ್ ಇರಲಿ, ಅದು ಗಿಟಾರಿನ ಕಂಪನವನ್ನೇ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಗಿಟಾರಿನ ಮೈಕ್‌ನ ಸದ್ದು ಇಳಿಸಿ, ಮುಂದಿನ ಹಾಡಿನ ಬಗ್ಗೆ ಗಾಯಕರು ನಾಲ್ಕು ಮಾತಾಡಲಿ.

ತಂತಿ 13ರಿಂದ 56ರ ಸೆಟ್ ಹಾಕಿ (ಇದು ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ). ತೆಳು ತಂತಿ ಓಪನ್ ಡಿಯಲ್ಲಿ ಸಡಿಲವಾಗಿ, ತಂತಿಯ ಮೇಲೆ ಜಾರಿಸುವ ಸ್ಲೈಡ್ ಫ್ರೆಟ್‌ಗೆ ಬಡಿಯುತ್ತದೆ. ಯಾರಾದರೂ ಇ ಶ್ರುತಿ ಕೇಳಿದರೆ ಆರೂ ತಂತಿ ಎಳೆಯಬೇಡಿ, ಓಪನ್ ಡಿಗೇ ಎರಡನೇ ಫ್ರೆಟ್‌ನಲ್ಲಿ ಕೇಪೊ (ಆರೂ ತಂತಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿ. ಬ್ಲೂಗ್ರಾಸ್‌ (ಅಮೆರಿಕದ ಒಂದು ಸಂಗೀತ ಶೈಲಿ) ನುಡಿಸುವವರ ಜಿ ಬಿ ಡಿ ಜಿ ಬಿ ಡಿ ಬೇರೆಯೇ ವ್ಯವಸ್ಥೆ. ಅದಕ್ಕೆಂದೇ ತಂತಿ ಸೆಟ್ ಸಿಗುತ್ತದೆ, ಮಾಮೂಲಿ ತಂತಿಯಲ್ಲಿ ಪ್ರಯತ್ನಿಸಬೇಡಿ.

ಇನ್ನೊಂದು ವಿಷಯ, ನನಗೆ ತುಂಬಾ ಇಷ್ಟವಾದದ್ದು. ಟ್ಯೂನರ್ ತೋರಿಸುವ ಗಾಂಧಾರ ಶುದ್ಧ ಅಂತರ ಗಾಂಧಾರಕ್ಕಿಂತ ಸುಮಾರು 14 ಸೆಂಟ್ (ಒಂದು ಸೆಂಟ್ ಅಂದರೆ ಅರ್ಧ ಸ್ವರದ ನೂರನೇ ಒಂದು ಭಾಗ) ಮೇಲಿರುತ್ತದೆ. ಒಬ್ಬರೇ ನುಡಿಸುವಾಗ ಓಪನ್ ಜಿಯಲ್ಲಿ ಗಾಂಧಾರದ ಎರಡನೇ ತಂತಿಯನ್ನು ಕಿವಿಗೆ ಕೂಡುವವರೆಗೆ ಚೂರು ಇಳಿಸಿ ನೋಡಿ, ಇಡೀ ಗಿಟಾರ್ ತಂಬೂರಿಯ ಹಾಗೆ ತುಂಬಿಕೊಳ್ಳುತ್ತದೆ. ಪಕ್ಕದಲ್ಲಿ ಕೀಬೋರ್ಡ್ ಇದ್ದರೆ ಮಾತ್ರ ಬೇಡ.