ಛಲ ಸಾಲದೆ ನೀವು ಸೋಲುತ್ತಿಲ್ಲ

ಎರಡು ಹೊತ್ತು ತರಬೇತಿ, ತೂಕ ಇಳಿಸಲೆಂದು ಒಂದೇ ಹೊತ್ತು ಊಟ, ಆದರೂ ಎರಡನೆಯ ಸುತ್ತಿಗೇ ಕೈ ಸೋಲುತ್ತದೆ, ಬಾಕ್ಸರ್‌ಗೆ ಬೇಕಾದ ಛಲವನ್ನು ಹೆಚ್ಚಿಸಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. 2018ರಲ್ಲಿ ಮಂಗಳೂರಿನಲ್ಲಿ ನಾನೂ ಹೀಗೆಯೇ ಇದ್ದೆ.

ಆ ವರ್ಷ ಪೋಲೆಂಡಿನಲ್ಲಿ ಮೇರಿ ಕೋಮ್ ಅವರು 48 ಕಿಲೋ ವಿಭಾಗಕ್ಕೆ ಹೆಚ್ಚಾಗಿದ್ದ ಎರಡು ಕಿಲೋ ತೂಕವನ್ನು ನಾಲ್ಕು ಗಂಟೆಗಳೊಳಗೆ, ಬಿಡದೆ ಹಗ್ಗ ಜಿಗಿದು ಇಳಿಸಿ, ಚಿನ್ನವನ್ನೂ ಗೆದ್ದ ಸುದ್ದಿಯನ್ನು ಓದಿದೆ. ನನ್ನ ತೂಕ ಆಗ 63. ತರಬೇತುದಾರರು 64 ಕಿಲೋ ವಿಭಾಗದಲ್ಲೇ ಆಡು ಎಂದರು. ಅಲ್ಲಿನ ಹುಡುಗರು ನನಗಿಂತ ಎತ್ತರದವರೆಂಬ ಅಳುಕಿನಿಂದ ನಾನು 60ಕ್ಕೆ ಹೆಸರು ಕೊಟ್ಟೆ. ಪಣಂಬೂರಿನ ಮರಳಿನಲ್ಲಿ ಮಳೆಯಂಗಿ ತೊಟ್ಟು ಓಡಿದೆ, ಅಮ್ಮ ಬಡಿಸಿದ ಕುಚ್ಚಲಕ್ಕಿ ಗಂಜಿಯನ್ನು ಮುಟ್ಟಲಿಲ್ಲ, ಹಿಂದಿನ ಮಧ್ಯಾಹ್ನದಿಂದ ನೀರನ್ನೂ ಬಿಟ್ಟೆ. ತಕ್ಕಡಿ 59.8 ತೋರಿಸಿದಾಗ ಗೆದ್ದೇಬಿಟ್ಟೆನೆಂದುಕೊಂಡೆ.

ನಾನು ಇಳಿಸಿದ್ದು ಹೆಚ್ಚಿನಂಶ ಕೊಬ್ಬನ್ನಲ್ಲ, ನೀರನ್ನು. ನಮ್ಮ ಕರಾವಳಿಯ ಸೆಕೆಯಲ್ಲಿ ಗಾಳಿಯೇ ಒದ್ದೆಯಾಗಿರುವುದರಿಂದ ಬೆವರು ಸುರಿಯುತ್ತದೆಯೇ ಹೊರತು ಸುಲಭವಾಗಿ ಆರುವುದಿಲ್ಲ. ಆರದಿದ್ದರೆ ಮೈ ತಣಿಯುವುದಿಲ್ಲ, ತಣಿಯದ ಮೈ ಇನ್ನಷ್ಟು ಬೆವರುತ್ತದೆ, ಅದರ ಮೇಲೆ ಮಳೆಯಂಗಿ ಬೇರೆ. ನೀರು ಹೋದಂತೆ ರಕ್ತದ ಪ್ರಮಾಣ ಕುಗ್ಗಿ, ಅಷ್ಟೇ ಕೆಲಸಕ್ಕೆ ಹೃದಯ ಹೆಚ್ಚು ಬಾರಿ ಬಡಿಯಬೇಕಾಗುತ್ತದೆ. ಉಣ್ಣದವನ ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಶಕ್ತಿಯ ದಾಸ್ತಾನು ಕೂಡ ಬರಿದಾಗಿರುತ್ತದೆ. ತೂಕ ನೋಡುವುದು ಮುಗಿದ ಮೇಲೆ ಎರಡು ಎಳನೀರು ಕುಡಿದರೆ ಸಾಕೆಂದು ನಂಬಿದ್ದೆ. ಹೊಟ್ಟೆ ತುಂಬಿತು, ಆದರೆ ಕಳೆದುಕೊಂಡದ್ದು ಮೈಗೆ ಮರಳಲು ಹೊತ್ತು ಸಾಲಲಿಲ್ಲ.

ಮೂರು ನಿಮಿಷಗಳ ಮೂರು ಸುತ್ತುಗಳಲ್ಲಿ ಮೊದಲನೆಯದು ಚೆನ್ನಾಗಿಯೇ ಹೋಯಿತು. ಎರಡನೆಯದರಲ್ಲಿ ಹೊಡೆತ ಬರುವುದು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿತ್ತು, ತಡೆಯಲು ಕೈ ಏಳುತ್ತಿರಲಿಲ್ಲ. ನಾನು ಚೇತರಿಸಿಕೊಳ್ಳಲೆಂದು ರೆಫರಿ ಎರಡು ಬಾರಿ ಎಂಟರವರೆಗೆ ಎಣಿಸಿ, ಕೊನೆಗೆ ಪಂದ್ಯವನ್ನು ನಿಲ್ಲಿಸಿದರು.

ಮೇರಿ ಕೋಮ್ ಅವರು 2001ರಿಂದ ವಿಶ್ವ ಚಾಂಪಿಯನ್‌ಶಿಪ್ ಪದಕಗಳನ್ನು ಗೆಲ್ಲುತ್ತ ಬಂದವರು. ತಮ್ಮ ಮೈ ಎಷ್ಟನ್ನು ತಾಳುತ್ತದೆಂಬ ಅರಿವು ಅವರಿಗಿತ್ತು, ನನಗಿರಲಿಲ್ಲ. ಅದೇ ಮೇರಿ ಕೋಮ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ತಮ್ಮ ವಿಭಾಗವೇ ಇಲ್ಲದಿದ್ದಾಗ 51 ಕಿಲೋಗೆ ಏರಿ, ತಮಗಿಂತ ದೊಡ್ಡ ಮೈಕಟ್ಟಿನವರೊಡನೆ ಸೆಣಸಿ ಕಂಚು ಗೆದ್ದಿದ್ದರು. ನಾನು ಕಲಿಯಬೇಕಾಗಿದ್ದದ್ದು ಈ ಛಲವನ್ನು.

ದಿನಕ್ಕೆರಡು ಬಾರಿ ಗ್ಲೌಸ್ ಕಟ್ಟುವವರಲ್ಲಿ ಛಲಕ್ಕೆ ಕೊರತೆಯಿಲ್ಲ. ಆ ಪ್ರಶ್ನೆಯನ್ನೇ ಬಿಟ್ಟುಬಿಡಿ. ಮೂರು ಹೊತ್ತು ಉಣ್ಣಿ, ಬಾಯಾರಿದಾಗ ಕುಡಿಯಿರಿ, ಆಗ ಬರುವ ತೂಕದಲ್ಲೇ ಆಡಿ. ಮುಂದಿನ ಬಾರಿ ನಾನು ಹಾಗೆಯೇ ಆಡಿ, ಎತ್ತರದ ಹುಡುಗನೊಬ್ಬನಿಗೆ ಅಂಕಗಳಲ್ಲಿ ಸೋತೆ. ಆದರೆ ಮೂರನೆಯ ಸುತ್ತಿನ ಗಂಟೆ ಬಾರಿಸಿದಾಗಲೂ ನನ್ನ ಕೈಗಳು ಗಲ್ಲದ ಮಟ್ಟದಲ್ಲೇ ಇದ್ದವು.