“ನೋವು ಮ್ಯಾಕೆ ಹತ್ತತಾ ಅದೆ”

ಹೆಸರು, ಊರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಅವರನ್ನು ಯಜಮಾನರು ಎಂದೇ ಬರೆಯುತ್ತೇನೆ. ಎದುರಿಗೂ ಹಾಗೇ ಕರೆಯುತ್ತಿದ್ದೆ.

ಮಂಡ್ಯ ತಾಲ್ಲೂಕಿನವರು, ಐವತ್ತರ ಆಸುಪಾಸು. ನಾಲೆ ಬಯಲಿನಲ್ಲಿ ಎರಡು ಎಕರೆ ಕಬ್ಬು, ಮನೆ ಮಟ್ಟಿಗೆ ಭತ್ತ, ಎರಡು ಹಸು. ನಾನು ಆಪ್ತಸಮಾಲೋಚಕಿ. ವ್ಯಾಯಾಮದ ಚಿಕಿತ್ಸೆ ಕೊಡುವ ನಮ್ಮ ಫಿಸಿಯೋ ಹುಡುಗಿ ಅವರನ್ನು ನನ್ನ ಕೋಣೆಗೆ ಕಳಿಸುವಾಗ ಚೀಟಿಯಲ್ಲಿ ಬರೆದದ್ದು ಇಷ್ಟೇ: ‘ನಾಲ್ಕು ಸಲ ಬಂದು ಬಿಟ್ಟರು. ವ್ಯಾಯಾಮ ಅಂದರೆ ಹೆದರುತ್ತಾರೆ. ಸ್ವಲ್ಪ ಮಾತಾಡಿ ಮೇಡಂ.’

ಕುರ್ಚಿ ತೋರಿಸಿದೆ, ಕೂರಲಿಲ್ಲ. ಕಿಟಕಿಯ ಸರಳು ಹಿಡಿದು, ಬಲಗಾಲನ್ನು ಅರ್ಧ ಮಡಿಸಿ, ಮೈಯನ್ನು ಎಡಕ್ಕೆ ವಾಲಿಸಿಕೊಂಡು ನಿಂತರು. ಸೊಂಟದ ಬೆಲ್ಟು ಅಂಗಿಯ ಮೇಲೇ ಬಿಗಿದಿತ್ತು. ಅವರ ಹೆಂಡತಿ ಸ್ಕ್ಯಾನಿಂಗ್ ಫಿಲ್ಮನ್ನು ಬಟ್ಟೆ ಅಂಗಡಿಯ ಕವರಿಗೆ ಹಾಕಿ ತಂದಿದ್ದರು. ಎಲ್ಲಿ ಮಡಚಿಹೋಗುತ್ತದೋ ಎಂದು ಎರಡೂ ಕೈಯಲ್ಲಿ ಹಿಡಿದೇ ಕೂತಿದ್ದರು.

ಐದು ತಿಂಗಳ ಹಿಂದೆ, ಕಬ್ಬಿನ ಹೊರೆ ಎತ್ತಿ ತಿರುಗುವಾಗ ಸೊಂಟದಲ್ಲಿ ಚಳಕು. ಮೂರನೇ ದಿನಕ್ಕೆ ಅದು ತೊಡೆಯ ಹಿಂದಿನಿಂದ ಮೀನಖಂಡಕ್ಕೆ, ಅಲ್ಲಿಂದ ಪಾದದ ಹೊರ ಅಂಚು ಹಿಡಿದು ಕಿರುಬೆರಳಿಗೆ ಇಳಿಯಿತು. ಉಳುಕು ತೆಗೆಸಿದ್ದಾಯಿತು, ಎಣ್ಣೆ ಉಜ್ಜಿಸಿದ್ದಾಯಿತು, ಮಾತ್ರೆ, ಆಮೇಲೆ ಸ್ಕ್ಯಾನಿಂಗ್. ಸೊಂಟದ ಕೊನೆಯ ಮೂಳೆಗೂ ಅದರ ಕೆಳಗಿನ ತ್ರಿಕಾಸ್ಥಿಗೂ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಹೊರಚಾಚಿ ನರವನ್ನು ಒತ್ತುತ್ತಿತ್ತು. ವೈದ್ಯರು, ‘ಆಪರೇಷನ್‌ಗೆ ಈಗಲೇ ಅವಸರವಿಲ್ಲ, ಮೊದಲು ಸರಿಯಾಗಿ ಫಿಸಿಯೋ ಮಾಡಿ’ ಎಂದಿದ್ದರು. ಯಜಮಾನರು ಮಾಡಿದ್ದು ಮಲಗುವುದು. ನಡುಮನೆಯ ಚಾಪೆಯ ಮೇಲೆ, ಬೆಲ್ಟು ಕಟ್ಟಿಕೊಂಡು, ಊಟಕ್ಕೆ ಮತ್ತು ಬಚ್ಚಲಿಗೆ ಮಾತ್ರ ಎದ್ದು.

ಮೊದಲ ಭೇಟಿಯಲ್ಲಿ ನಾನು ದಾರಿ ತಪ್ಪಿದೆ. ಸೊಸೈಟಿ ಸಾಲ, ಕೈಸಾಲ, ಮಗಳ ಪಿಯುಸಿ ಫೀಸು, ಕೂಲಿಗೆ ಬಿಟ್ಟ ಕಟಾವು ಇವೇ ಮಾತಾಗಿ ಒಂದು ಗಂಟೆ ಕಳೆಯಿತು. ಟಿಪ್ಪಣಿಯಲ್ಲಿ ‘ಖಿನ್ನತೆ?’ ಎಂದು ಬರೆದುಕೊಂಡೆ. ಅದು ಸುಳ್ಳೇನಲ್ಲ. ಬದುಕು ಸಾಕು ಅನ್ನಿಸಿದೆಯಾ ಎಂದು ನೇರವಾಗಿಯೇ ಕೇಳಿದೆ. ಇದನ್ನು ಸುತ್ತಿಬಳಸಿ ಕೇಳಬಾರದು. “ಅನ್ಸದೆ ಮೇಡಂ, ಮಾಡ್ಕಳೋ ಮಟ್ಟಕ್ಕಿಲ್ಲ” ಅಂದರು. ಮನೆಯಲ್ಲಿದ್ದ ಕೀಟನಾಶಕದ ಬಾಟಲಿಗಳನ್ನು ಅವತ್ತೇ ಭಾವನ ಮನೆಗೆ ಸಾಗಿಸಲು ಹೆಂಡತಿಗೆ ಹೇಳಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಇಬ್ಬರ ಫೋನಿನಲ್ಲೂ ಹಾಕಿಕೊಟ್ಟೆ. ಆದರೆ ವ್ಯಾಯಾಮ ಏಕೆ ಬಿಟ್ಟರು ಎಂಬ ಮೂಲ ಪ್ರಶ್ನೆಯನ್ನು ಕೇಳಲೇ ಇಲ್ಲ. ಸೋಮಾರಿತನ, ಇಲ್ಲವೇ ನಿರಾಸೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದೆ.

ಎರಡನೇ ಸಲ ಕೇಳಿದೆ. ಅವರು ಹೆಂಡತಿಯ ಮುಖ ನೋಡಿ, ಆಮೇಲೆ ಬಗ್ಗಿ ಮೀನಖಂಡ ಮುಟ್ಟಿದರು.

“ಮೊದ್ಲು ಇಲ್ಲಿತ್ತು ಮೇಡಂ. ಆ ಮಗು ಬೋರಲು ಮಲಗ್ಸಿ ಮೊಳಕೈ ಊರ್ಸಿ ಏಳ್ಸುದ್ಲು ನೋಡಿ, ನಾಕು ದಿನಕ್ಕೆ ತೊಡೆಗ್ ಬಂತು. ಆಮೇಲೆ ಸೊಂಟುಕ್ಕೆ. ಕಾಲಲ್ಲಿ ಕಮ್ಮಿ, ಸೊಂಟ್ದಲ್ಲಿ ಜಾಸ್ತಿ. ನೋವು ಮ್ಯಾಕೆ ಹತ್ತತಾ ಅದೆ ಕನ ಮೇಡಂ. ನಮ್ ಅಪ್ಪುಂಗೆ ಕಬ್ಬಿನ್ ಗದ್ದೇಲಿ ಹಾವು ಕಡುದ್ದಾಗ್ಲೂ ಹಿಂಗೇಯ, ಕಾಲಿಂದ ಮ್ಯಾಕೆ ಹತ್ತುತು. ಎದೆಗ್ ಬಂದ್ರೆ ಕತೆ ಮುಗೀತು.”

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಹೆಂಡತಿಗೂ ಇದು ಹೊಸದು. ಇಷ್ಟು ದಿನ ಆತ ಇದನ್ನು ಯಾರ ಬಳಿಯೂ ಬಾಯಿಬಿಟ್ಟಿರಲಿಲ್ಲ.

ಫಿಸಿಯೋ ಹುಡುಗಿಯನ್ನು ಅಲ್ಲೇ ಕರೆಸಿದೆ. ಈ ಕಾಯಿಲೆಯಲ್ಲಿ ನೋವು ಬೆರಳಿನಿಂದ ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ಕೊನೆಗೆ ಸೊಂಟಕ್ಕೆ ಹಿಂದಿರುಗುವುದು ಒಳ್ಳೆಯ ಲಕ್ಷಣ. ನಡುವೆ ಸೊಂಟದಲ್ಲಿ ಕೆಲವು ದಿನ ಜಾಸ್ತಿ ಆದರೂ ಸರಿಯೇ. ನೋವು ಕೆಳಕ್ಕೆ, ಪಾದದ ಕಡೆಗೆ ಇಳಿಯುತ್ತಾ ಹೋದರೆ ಆ ವ್ಯಾಯಾಮ ನಿಲ್ಲಿಸಬೇಕು. ಅವಳಿಗೆ ಇದು ಅ ಆ ಇ ಈ ಇದ್ದ ಹಾಗೆ, ಅದಕ್ಕೇ ಹೇಳಬೇಕು ಅನ್ನಿಸಿರಲಿಲ್ಲ. ಹೇಳುತ್ತಾ ಹೇಳುತ್ತಾ ಅವಳ ಕಣ್ಣಲ್ಲಿ ನೀರು ಬಂತು.

ಇದನ್ನು ಕಂಡುಕೊಂಡದ್ದೂ ಒಂದು ಆಕಸ್ಮಿಕವೇ. 1956ರಲ್ಲಿ ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿ ರಾಬಿನ್ ಮೆಕೆಂಜಿ ಎಂಬ ಫಿಸಿಯೋಥೆರಪಿಸ್ಟ್ ಹತ್ತಿರ ಕಾಲಿಗೆ ಎಳೆತವಿದ್ದ ರೋಗಿಯೊಬ್ಬರು ಬಂದರು. ಮಂಚದ ಒಂದು ತುದಿ ಎತ್ತಿಟ್ಟೇ ಇತ್ತು. ಆತ ಹಾಗೇ ಬೋರಲು ಮಲಗಿಬಿಟ್ಟ. ಮೆಕೆಂಜಿ ಬಂದು ನೋಡಿದರೆ ಸೊಂಟ ಹಿಂದಕ್ಕೆ ಬಾಗಿದೆ, ಕಾಲಿನ ನೋವು ಹೋಗಿದೆ. ಕತೆ ಕೇಳಿ ಯಜಮಾನರು ಮೊದಲ ಸಲ ನಕ್ಕರು. “ಹಂಗಾರೆ ಡಾಕ್ಟ್ರಿಗೂ ಗೊತ್ತಿರ್ನಿಲ್ಲ ಅನ್ನಿ.” (ಎಲ್ಲರಿಗೂ ಬೋರಲು ಮಲಗುವುದು ಒಗ್ಗುವುದಿಲ್ಲ. ಕೆಲವರಿಗೆ ಮುಂದೆ ಬಾಗಿದರೇ ಹಾಯೆನಿಸುತ್ತದೆ. ಯಾವ ದಿಕ್ಕು ಎಂದು ಪರೀಕ್ಷಿಸಿ ಹೇಳಬೇಕಾದವರು ಫಿಸಿಯೋ. ನಾನೂ ಅಲ್ಲ, ಮೊಬೈಲಿನ ವಿಡಿಯೋನೂ ಅಲ್ಲ.)

ಇನ್ನೊಂದು ಗಂಟು ಸ್ಕ್ಯಾನಿಂಗ್ ರಿಪೋರ್ಟಿನಲ್ಲಿತ್ತು. ‘ಡಿಜನರೇಟಿವ್’ (ವಯಸ್ಸಿನ ಸವೆತ) ಎಂಬ ಪದಕ್ಕೆ ಡಿಗ್ರಿ ಓದುವ ಅಳಿಯ ‘ಕೊಳೆತುಹೋಗಿದೆ’ ಎಂದು ಅರ್ಥ ಹೇಳಿದ್ದ. ಕೊಳೆತ ಸೊಂಟವನ್ನು ಬಗ್ಗಿಸುವ ಧೈರ್ಯ ಯಾರಿಗಿರುತ್ತದೆ? ನೋವೇ ಇಲ್ಲದ ಐವತ್ತರ ಪ್ರಾಯದವರನ್ನು ಸ್ಕ್ಯಾನ್ ಮಾಡಿದರೂ 100ರಲ್ಲಿ ಸುಮಾರು 60 ಜನಕ್ಕೆ ಡಿಸ್ಕ್ ಉಬ್ಬಿರುತ್ತದೆ, ಅದು ತಲೆಗೂದಲು ನೆರೆತ ಹಾಗೆ ಎಂದು ವಿವರಿಸಿದೆ. ಅವರ ನರ ಒತ್ತಿರುವುದು ನಿಜ, ನೋವು ನಿಜ. ಆದರೆ ಬಗ್ಗಿದರೆ ಬೆನ್ನು ಮುರಿಯುವುದಿಲ್ಲ. ಹೊರಬಂದ ಡಿಸ್ಕ್ ಎಷ್ಟೋ ಸಲ ತಾನಾಗಿ ಕುಗ್ಗುತ್ತದೆ.

ಆಮೇಲೆ ಅಳತೆಯ ಪ್ರಶ್ನೆ. ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಎಂದರೆ ಯಾವಾಗಲೂ “ಹನ್ನೆಲ್ಡು” ಅನ್ನುತ್ತಿದ್ದರು. ದಿನವೂ ಬರೆದಿಡುವ ಅಭ್ಯಾಸ ಏನಾದರೂ ಇದೆಯಾ ಎಂದೆ. ಹೆಂಡತಿ, “ಕಟ್ಟೆ ನೀರು ಬರೀತಾರೆ” ಅಂದರು. ನಾಲೆ ಬಯಲಿನವರಲ್ಲವೇ, ಪೇಪರಿನಲ್ಲಿ ಬರುವ ಕನ್ನಂಬಾಡಿ ಮಟ್ಟವನ್ನು ದಿನವೂ ಕ್ಯಾಲೆಂಡರಿನ ಮನೆಯೊಳಗೆ ಗುರುತು ಹಾಕುತ್ತಾರೆ. ತುಂಬಿದರೆ 124.80 ಅಡಿ. ಹಾಗಾದರೆ ಅದರ ಪಕ್ಕದಲ್ಲೇ ನೋವು ಇವತ್ತು ಎಲ್ಲಿದೆ ಎಂದು ಬರೆಯಿರಿ, ಎಷ್ಟು ಎಂದಲ್ಲ, ಎಲ್ಲಿ: ಬೆರಳು, ಮೀನಖಂಡ, ತೊಡೆ, ಕುಂಡಿ, ಸೊಂಟ. ಸ್ವಲ್ಪ ಹೊತ್ತು ಯೋಚಿಸಿ ಅವರೇ ಹೇಳಿದರು: “ಕಟ್ಟೆ ತುಂಬ್ದಂಗೆ ಅನ್ನಿ. ಮ್ಯಾಕೆ ಬಂದಷ್ಟೂ ಒಳ್ಳೇದು.”

ಕೊಟ್ಟ ಸಲಹೆ ದೊಡ್ಡದೇನಲ್ಲ. ಫಿಸಿಯೋ ಹೇಳಿದ ವ್ಯಾಯಾಮ ಎರಡು ಮೂರು ಗಂಟೆಗೊಮ್ಮೆ, ಹತ್ತು ಸಲ. ಬೆಲ್ಟು ಬಸ್ ಪ್ರಯಾಣಕ್ಕೆ ಮಾತ್ರ. ನಾಲೆ ಏರಿಯ ಮೇಲೆ ನಡಿಗೆ. ಮೊದಲ ವಾರ ಐದು ನಿಮಿಷ, ಹಾಯಾಗಿದ್ದರೂ ಐದೇ ನಿಮಿಷ, ನೋವಿದ್ದರೂ ಐದು ನಿಮಿಷ. ಆರು ವಾರ ನೋಡಿ, ಆಗಲೂ ಕಾಲು ಬಿಡದಿದ್ದರೆ ಆಪರೇಷನ್ ಮಾತು. ಅದು ಸೋಲೂ ಅಲ್ಲ, ಶಿಕ್ಷೆಯೂ ಅಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಇಬ್ಬರ ಬಾಯಲ್ಲೂ ಮತ್ತೆ ಹೇಳಿಸಿದೆ: ಉಚ್ಚೆ ಕಟ್ಟಿಕೊಂಡರೆ, ಗೊತ್ತಾಗದೆ ಮಲಮೂತ್ರ ಹೋದರೆ, ಸೈಕಲ್ ಸೀಟು ತಾಗುವ ಜಾಗ ಜೋಮು ಹಿಡಿದರೆ, ಕಾಲು ಸೋತು ಚಪ್ಪಲಿ ಜಾರತೊಡಗಿದರೆ ಬೆಳಗಿನವರೆಗೆ ಕಾಯಬಾರದು, ಆ ರಾತ್ರಿಯೇ ದೊಡ್ಡಾಸ್ಪತ್ರೆ.

ಹೆಂಡತಿಯೊಡನೆ ಪ್ರತ್ಯೇಕವಾಗಿ ಮಾತಾಡಿದೆ. ದಿನಕ್ಕೆ ಇಪ್ಪತ್ತು ಸಲ ‘ನೋವು ಹೆಂಗದೆ? ಬಗ್ಗಬ್ಯಾಡಿ’ ಎನ್ನುವುದು ಅವರ ಪ್ರೀತಿ. ಆದರೆ ಪ್ರತಿ ಸಲವೂ ಆತ ನೋವನ್ನು ಹುಡುಕಿ ನೋಡಿ ಉತ್ತರ ಕೊಡಬೇಕಾಗುತ್ತಿತ್ತು. ಕ್ಯಾಲೆಂಡರ್ ನೋಡಿದರೆ ಸಾಕು, ಬಾಯಲ್ಲಿ ಕೇಳಬೇಡಿ, ಹಸುವಿನ ಹಿಂಡಿ ಲೆಕ್ಕ ಅವರಿಗೇ ಬಿಡಿ ಎಂದೆ. ಹೊರಡುವಾಗ ಸೆರಗು ತಿರುವುತ್ತಾ, ಐದು ತಿಂಗಳಿಂದ ಬೇರೆ ಮಲಗುತ್ತಿದ್ದೇವೆ, ತಾಗಿದರೆ ಏನಾದರೂ ಆಗುತ್ತಾ ಎಂದು ಕೇಳಿದರು. ಆಗುವುದಿಲ್ಲ ಎಂದೆ. ಪಕ್ಕಕ್ಕೆ ತಿರುಗಿ, ಮಂಡಿಯ ಮಧ್ಯೆ ದಿಂಬಿಟ್ಟು ಮಲಗುವುದನ್ನು ಫಿಸಿಯೋ ಹುಡುಗಿ ತೋರಿಸಿಕೊಟ್ಟಳು.

ಮೂರನೇ ವಾರ ಎಡವಟ್ಟಾಯಿತು. ಹಾಯಾಗಿದೆ ಎಂದು 45 ಕೆಜಿ ಯೂರಿಯಾ ಮೂಟೆಯನ್ನು ಒಬ್ಬರೇ ಗಾಡಿಯಿಂದ ಇಳಿಸಿದರು. ಸಂಜೆಗೆ ನೋವು ಮತ್ತೆ ಮೀನಖಂಡದಲ್ಲಿ. ಹೆಂಡತಿ ಫೋನಿನಲ್ಲಿ ಅಳುತ್ತಿದ್ದರು, ಹಿಂದಿನಿಂದ ಯಜಮಾನರ ದನಿ ಕೇಳಿಸಿತು: “ಮಟ್ಟ ಇಳುದದೆ ಅಂತ ಏಳು, ಮತ್ತೆ ಏರ್ಸನ.” ಒಂಬತ್ತು ದಿನಕ್ಕೆ ತೊಡೆಗೆ ಬಂತು.

ಕೊನೆಯ ಭೇಟಿಗೆ ಬಸ್ ಸ್ಟ್ಯಾಂಡಿನಿಂದ ನಡೆದೇ ಬಂದರು, ಕುರ್ಚಿಯಲ್ಲಿ ಕೂತರು. ಕಿರುಬೆರಳಿನ ಜೋಮು ಇನ್ನೂ ಇದೆ, ನರಕ್ಕೆ ಸಮಯ ಬೇಕು. ಕಾಲನ್ನು ನೇರವಾಗಿ ಎತ್ತಿದರೆ ಮೊದಲು 40 ಡಿಗ್ರಿಗೇ ಕೂಗುತ್ತಿದ್ದವರು ಈಗ 70 ದಾಟಿದ್ದಾರೆ. ಕಟಾವಿಗೆ ಇಳಿಯುವುದಿಲ್ಲ, ಆಳು ಹಿಡಿದಿದ್ದಾರೆ. ಜಗಲಿಯ ಮೇಲೆ ಬೋರಲು ಬಿದ್ದುಕೊಂಡರೆ ಬೀದಿಯವರೆಲ್ಲ ನಿಂತು ನೋಡುತ್ತಾರೆ ಎಂಬುದು ಹೆಂಡತಿಯ ಹೊಸ ದೂರು. ಯಜಮಾನರು ಜೇಬಿನಿಂದ ಮಡಚಿದ ಕ್ಯಾಲೆಂಡರ್ ಹಾಳೆ ತೆಗೆದು ಮೇಜಿನ ಮೇಲೆ ಹರಡಿದರು.

“ನೋವು ಸೊಂಟುದಲ್ಲೇ ನಿಂತದೆ ಮೇಡಂ, ಅದೂ ಬೆಳುಗ್ಗೆ ಹೊತ್ತು ಒಸಿ” ಎಂದು ಒಂದು ಸಾಲಿನ ಮೇಲೆ ಬೆರಳಾಡಿಸಿ, ಪಕ್ಕದ ಸಾಲಿಗೆ ಬಂದರು. “ಕಟ್ಟೆದೇ ಇಳೀತಾ ಅದೆ. ಮಳೆ ಬರ್ಬೇಕು.”